ಡಾಲ್ಬಿಯೋ ಡಿಟಿಎಸ್ಸೋ ಅನ್ನುವ ಮೊದಲು

ಒಂದೇ ಸಿನಿಮಾ, ಒಂದೇ ಡಿವಿಡಿ. ಮೆನುವಿನಲ್ಲಿ ಎರಡು ಆಡಿಯೋ ಟ್ರ್ಯಾಕ್: ಒಂದು ಡಾಲ್ಬಿ ಡಿಜಿಟಲ್, ಇನ್ನೊಂದು ಡಿಟಿಎಸ್. ರಿಮೋಟ್ ಒತ್ತಿ ಒಂದರಿಂದ ಇನ್ನೊಂದಕ್ಕೆ ಹೋದರೆ ಡಿಟಿಎಸ್ ಹೆಚ್ಚು ತುಂಬಿಕೊಂಡಂತೆ, ಮೈಮೇಲೆ ಬಂದಂತೆ ಕೇಳುತ್ತದೆ. ‘ಡಿಟಿಎಸ್ಸೇ ಮೇಲು’ ಎಂಬ ತೀರ್ಪು ಅಲ್ಲೇ ಬಂದುಬಿಡುತ್ತದೆ. ಡಿವಿಡಿ ಕಾಲದಿಂದ ಈ ತೀರ್ಪು ಬಾಯಿಂದ ಬಾಯಿಗೆ ಹರಿದಾಡುತ್ತಲೇ ಇದೆ. ಅದರ ಹಿಂದೆ ಬಹಳ ಸಲ ಇರುವುದು ಕೊಡೆಕ್‌ನ (ಸದ್ದನ್ನು ಮಡಚಿ ಬಿಚ್ಚುವ ವಿಧಾನದ) ಗುಣವಲ್ಲ, ಡಯಲ್‌ನಾರ್ಮ್ ಎಂಬ ಒಂದು ಪುಟ್ಟ ಅಂಕಿ.

ಡಾಲ್ಬಿ ಡಿಜಿಟಲ್ ಸ್ಟ್ರೀಮ್‌ನೊಳಗೆ −1ರಿಂದ −31ರವರೆಗಿನ ಒಂದು ಅಂಕಿ ಕೂತಿರುತ್ತದೆ. ಈ ಟ್ರ್ಯಾಕಿನಲ್ಲಿ ಮಾತುಕತೆಯ ಸರಾಸರಿ ಮಟ್ಟ ಇಷ್ಟು ಎಂದು ಡಿಕೋಡರ್‌ಗೆ ಹೇಳುವುದು ಅದರ ಕೆಲಸ. ಡಿಕೋಡರ್ ಎಲ್ಲ ಟ್ರ್ಯಾಕುಗಳ ಮಾತನ್ನೂ −31ಕ್ಕೆ ಇಳಿಸಿ ಸಮ ಮಾಡುತ್ತದೆ. ಸಿನಿಮಾ ಟ್ರ್ಯಾಕುಗಳಲ್ಲಿ ಹೆಚ್ಚಾಗಿ ಕಾಣುವುದು −27. ಅಂದರೆ ಇಡೀ ಟ್ರ್ಯಾಕ್ 4 ಡಿಬಿ ತಗ್ಗುತ್ತದೆ. ಪಕ್ಕದ ಡಿಟಿಎಸ್ ಟ್ರ್ಯಾಕಿಗೆ ಸಾಮಾನ್ಯವಾಗಿ ಈ ಕಡಿತ ಬೀಳುವುದಿಲ್ಲ. 4 ಡಿಬಿ ಕಿವಿಗೆ ಸಣ್ಣ ವ್ಯತ್ಯಾಸವಲ್ಲ. ಸದ್ದು ಏರಿದಂತೆ ನಮ್ಮ ಕಿವಿಗೆ ಬೇಸ್ ಹೆಚ್ಚು ಕೇಳುತ್ತದೆ, ಹಿನ್ನೆಲೆಯ ಸಣ್ಣಪುಟ್ಟ ಸದ್ದುಗಳೂ ಮೇಲೇಳುತ್ತವೆ. ಅದನ್ನೇ ನಾವು ‘ಕ್ವಾಲಿಟಿ’ ಎನ್ನುತ್ತೇವೆ. ಕೆಲವು ರಿಸೀವರ್‌ಗಳು ಟ್ರ್ಯಾಕ್ ಶುರುವಾದಾಗ ಈ 4 ಡಿಬಿ ಲೆಕ್ಕವನ್ನು ಡಿಸ್‌ಪ್ಲೇಯಲ್ಲಿ ಒಂದು ಕ್ಷಣ ತೋರಿಸಿ ಮರೆಮಾಡುತ್ತವೆ. ಹೆಚ್ಚಿನವರು ಅದನ್ನು ನೋಡುವುದೇ ಇಲ್ಲ.

ಆದ್ದರಿಂದ ಯಾವ ಎರಡು ಫಾರ್ಮ್ಯಾಟ್ ಹೋಲಿಸುವುದಿದ್ದರೂ ಮೊದಲು ಸದ್ದಿನ ಮಟ್ಟ ಸಮ ಮಾಡಿ. ಮಳೆ, ಜನಜಂಗುಳಿ, ಎಂಜಿನ್ ಗುಡುಗು ಹೀಗೆ ಏರಿಳಿತ ಕಡಿಮೆ ಇರುವ ಅರ್ಧ ನಿಮಿಷದ ಭಾಗವೊಂದನ್ನು ಆರಿಸಿ. ಸೌಂಡ್ ಮೀಟರನ್ನು, ಇಲ್ಲದಿದ್ದರೆ ಫೋನಿನ ಮೀಟರ್ ಆಪನ್ನು, ಕೂರುವ ಜಾಗದಲ್ಲಿ ಕಿವಿಯ ಎತ್ತರಕ್ಕೆ ಅಲುಗಾಡದಂತೆ ಇಡಿ. ಮೀಟರಿನ ಸೆಟ್ಟಿಂಗ್ ಸಿ-ವೆಯ್ಟಿಂಗ್, ಸ್ಲೋ ಇರಲಿ. ಎರಡೂ ಟ್ರ್ಯಾಕಿನಲ್ಲಿ ಅದೇ ಭಾಗ ಅಳೆದು, ಅರ್ಧ ಡಿಬಿಯೊಳಗೆ ಬರುವಂತೆ ವಾಲ್ಯೂಮ್ ಹೊಂದಿಸಿ. ಫೋನಿನ ಆಪ್ ತೋರಿಸುವ ಅಂಕಿ ನಿಖರವಲ್ಲ, ನಿಜ. ಆದರೆ ಇಲ್ಲಿ ಬೇಕಿರುವುದು ಎರಡರ ನಡುವಿನ ಅಂತರ ಮಾತ್ರ, ಅಷ್ಟಕ್ಕೆ ಅದು ಸಾಕು.

ಅಂಕಿಗಳು ಏನು ಹೇಳುತ್ತವೆ

ಡಾಲ್ಬಿ ಡಿಜಿಟಲ್, ಅಂದರೆ ಎಸಿ-3, 1992ರಲ್ಲಿ ಚಿತ್ರಮಂದಿರಕ್ಕೆ ಬಂತು. ಹೆಚ್ಚೆಂದರೆ 5.1 ಚಾನೆಲ್ (ಐದು ಸ್ಪೀಕರ್, ಒಂದು ಸಬ್‌ವೂಫರ್), 640 ಕೆಬಿಪಿಎಸ್ (ಸೆಕೆಂಡಿಗೆ ಅಷ್ಟು ಸಾವಿರ ಬಿಟ್). ಡಿವಿಡಿಯಲ್ಲಿ ಅದರ ಮಿತಿ 448. ಮರುವರ್ಷ ಬಂದ ಡಿಟಿಎಸ್ ಮನೆಯ ಡಿಸ್ಕುಗಳಲ್ಲಿ 1509 ಅಥವಾ ಅದರ ಅರ್ಧ, 754 ಕೆಬಿಪಿಎಸ್‌ನಲ್ಲಿ ಓಡುತ್ತದೆ. 1509 ದೊಡ್ಡದು, 448 ಸಣ್ಣದು, ಆದ್ದರಿಂದ ಡಿಟಿಎಸ್ ಮೂರುಪಟ್ಟು ಚೆನ್ನ ಎನ್ನುವ ಲೆಕ್ಕ ನಡೆಯುವುದಿಲ್ಲ. ಎರಡೂ ಲಾಸಿ, ಅಂದರೆ ಕಿವಿಗೆ ಕೇಳದು ಎಂದುಕೊಂಡದ್ದನ್ನು ಎಸೆದು ಉಳಿದದ್ದನ್ನು ಇಡುವ ಕೊಡೆಕ್‌ಗಳು. ಎಸೆಯುವ ಜಾಣ್ಮೆ ಎರಡರಲ್ಲೂ ಬೇರೆ ಬೇರೆ. ಎಸಿ-3 ಹೆಚ್ಚು ಬಿಗಿಯಾಗಿ ಮಡಚುತ್ತದೆ, ಡಿಟಿಎಸ್ ಸಡಿಲವಾಗಿ. ದೊಡ್ಡ ಪೆಟ್ಟಿಗೆಯಲ್ಲಿ ಹೆಚ್ಚು ಬಟ್ಟೆ ಇದೆ ಎಂದು ಪೆಟ್ಟಿಗೆ ನೋಡಿಯೇ ಹೇಳಲಾಗದು.

ಎಸಿ-3 ಎಲ್ಲಿ ಸೋಲುತ್ತದೆ ಎನ್ನುವುದೂ ಗೊತ್ತಿರುವ ವಿಷಯವೇ. ಬಿಟ್ ಸಾಲದಾದಾಗ ಅದು ಹಲವು ಚಾನೆಲ್‌ಗಳ ಎತ್ತರದ ಸ್ವರಗಳನ್ನು ಒಂದುಗೂಡಿಸಿ ಕಳಿಸಿ, ಯಾವ ಸ್ಪೀಕರಿಗೆ ಎಷ್ಟು ಹಂಚಬೇಕು ಎಂಬ ಲೆಕ್ಕವನ್ನು ಪಕ್ಕದಲ್ಲಿ ಬರೆದಿಡುತ್ತದೆ. ಇದಕ್ಕೆ ಕಪ್ಲಿಂಗ್ ಎಂದು ಹೆಸರು. ಚಪ್ಪಾಳೆ, ಮಳೆ, ಸಿಂಬಲ್‌ಗಳಲ್ಲಿ ಇದು ಬಯಲಾಗುತ್ತದೆ: ಒಂದೊಂದು ಹನಿಯೂ ಒಂದೊಂದು ಕಡೆ ಬೀಳಬೇಕಾದದ್ದು ಕಲಸಿ ಮಂಜಾಗುತ್ತದೆ. 384 ಕೆಬಿಪಿಎಸ್‌ನಲ್ಲಿ ಹುಡುಕಿದರೆ ಸಿಗಬಹುದು. 640ರಲ್ಲಿ, ಸದ್ದಿನ ಮಟ್ಟ ಸಮ ಮಾಡಿದ ಮೇಲೆ, ಏನನ್ನೂ ಎಸೆಯದ ಲಾಸ್‌ಲೆಸ್‌ನಿಂದ ಬೇರೆ ಮಾಡಿ ಹೇಳುವುದು ತುಂಬ ಕಷ್ಟ.

ಬ್ಲೂ-ರೇ ಜೊತೆ ಲಾಸ್‌ಲೆಸ್ ಬಂತು. ಡಾಲ್ಬಿ ಟ್ರೂಎಚ್‌ಡಿ ಮತ್ತು ಡಿಟಿಎಸ್-ಎಚ್‌ಡಿ ಮಾಸ್ಟರ್ ಆಡಿಯೋ ಎರಡೂ ಜಿಪ್ ಫೈಲಿನ ಹಾಗೆ. ಬಿಚ್ಚಿದಾಗ ಸ್ಟುಡಿಯೋ ಕೊಟ್ಟ ಪಿಸಿಎಂ, ಅಂದರೆ ಮಡಚದ ಡಿಜಿಟಲ್ ಸದ್ದು, ಬಿಟ್ಟಿಗೆ ಬಿಟ್ಟು ಸರಿಯಾಗಿ ಹೊರಬರುತ್ತದೆ. ಮಿತಿ ಮೊದಲನೆಯದಕ್ಕೆ 18 ಎಂಬಿಪಿಎಸ್, ಎರಡನೆಯದಕ್ಕೆ 24.5. ಒಂದೇ ಮೂಲದಿಂದ ಮಾಡಿದ ಈ ಎರಡರ ನಡುವೆ ‘ಯಾವುದು ಚೆನ್ನ’ ಎಂಬ ಪ್ರಶ್ನೆಗೆ ಅರ್ಥವೇ ಇಲ್ಲ. ವ್ಯತ್ಯಾಸ ಕೇಳಿಸಿದರೆ ಅದು ಡಯಲ್‌ನಾರ್ಮ್, ಅಥವಾ ಡೈನಾಮಿಕ್ ರೇಂಜ್ ಸೆಟ್ಟಿಂಗ್, ಅಥವಾ ಮಿಕ್ಸೇ ಬೇರೆ. ಇವುಗಳ ನಡುವೆ ನಿಜವಾದ ಭೇದ ಇರುವುದು ಹಳೆಯ ರಿಸೀವರ್ ಎದುರಾದಾಗ. ಡಿಟಿಎಸ್-ಎಚ್‌ಡಿ ಎಂಎ ಒಳಗೇ 1509ರವರೆಗಿನ ಮಾಮೂಲಿ ಡಿಟಿಎಸ್ ತಿರುಳು ಇರುತ್ತದೆ, ಹಳೆಯ ರಿಸೀವರ್ ಅದನ್ನು ಮಾತ್ರ ಹೆಕ್ಕಿಕೊಳ್ಳುತ್ತದೆ. ಟ್ರೂಎಚ್‌ಡಿಗೆ ಅಂಥ ತಿರುಳಿಲ್ಲ. ಅದಕ್ಕಾಗಿ ಬ್ಲೂ-ರೇಯಲ್ಲಿ ಬೇರೆಯೇ ಒಂದು ಎಸಿ-3 ಸ್ಟ್ರೀಮ್ ಜೊತೆಗಿರುತ್ತದೆ. ಡಿಸ್ಕನ್ನು ಫೈಲ್ ಮಾಡಿಕೊಳ್ಳುವಾಗ ಆ ಎಸಿ-3ಯನ್ನು ‘ಬೇಡದ್ದು’ ಎಂದು ಕಿತ್ತುಹಾಕಿದವರು, ಮುಂದೆ ಆ ಫೈಲನ್ನು ಟಿವಿಯಲ್ಲಿ ಹಾಕಿದಾಗ ಮೂಕಿ ಚಿತ್ರ ನೋಡಬೇಕಾದೀತು.

ಎರಡು ಗಂಟೆಯ ಸಿನಿಮಾಕ್ಕೆ ಜಾಗದ ಲೆಕ್ಕ: 640 ಕೆಬಿಪಿಎಸ್ ಎಸಿ-3 ಸುಮಾರು 576 ಎಂಬಿ, 1509ರ ಡಿಟಿಎಸ್ ಸುಮಾರು 1.36 ಜಿಬಿ, ಏನೂ ಮಡಚದ 24 ಬಿಟ್, 48 ಕಿಲೋಹರ್ಟ್ಸ್, 5.1 ಪಿಸಿಎಂ 6.2 ಜಿಬಿ. ಲಾಸ್‌ಲೆಸ್ ಇವುಗಳ ನಡುವೆ, ದೃಶ್ಯದ ಗದ್ದಲ ಎಷ್ಟೋ ಅಷ್ಟು.

ಒಂದೇ ಲೋಗೋ, ಎರಡು ಆಟ್ಮಾಸ್

ಆಟ್ಮಾಸ್ ಕೊಡೆಕ್ ಅಲ್ಲ, ಕೊಡೆಕ್ ಮೇಲೆ ಕೂತು ಬರುವ ಸವಾರಿ. 2012ರಲ್ಲಿ ಚಿತ್ರಮಂದಿರಕ್ಕೆ, 2014ರಲ್ಲಿ ಮನೆಗೆ ಬಂದ ಇದರಲ್ಲಿ ‘ಈ ಸದ್ದು ಎಡ ಹಿಂಬದಿ ಸ್ಪೀಕರಿನದು’ ಎಂದು ಬರೆಯುವ ಬದಲು ‘ಈ ಸದ್ದು ಕೋಣೆಯ ಈ ಬಿಂದುವಿನಲ್ಲಿದೆ’ ಎಂದು ಬರೆಯಬಹುದು. ನಿಮ್ಮಲ್ಲಿರುವ ಸ್ಪೀಕರ್‌ಗಳಿಗೆ ಅದನ್ನು ಹಂಚುವುದು ರಿಸೀವರ್ ಪಾಲಿನ ಕೆಲಸ. ಚಿತ್ರಮಂದಿರದ ನೂರಕ್ಕೂ ಮೀರಿದ ವಸ್ತುಗಳು (ಹೀಗೆ ಜಾಗ ಬರೆದಿಟ್ಟ ಬಿಡಿ ಸದ್ದುಗಳು) ಮನೆಗೆ ಹಾಗೆಯೇ ಬರುವುದಿಲ್ಲ. ಹತ್ತಿರ ಹತ್ತಿರ ಇರುವವನ್ನು ಗುಂಪು ಮಾಡಿ 12ರಿಂದ 16ಕ್ಕೆ ಇಳಿಸಲಾಗುತ್ತದೆ.

ಡಿಸ್ಕಿನಲ್ಲಿ ಈ ಸವಾರಿ ಟ್ರೂಎಚ್‌ಡಿ ಮೇಲೆ ಬರುತ್ತದೆ, ಸ್ಟ್ರೀಮಿಂಗ್‌ನಲ್ಲಿ ಎಸಿ-3ರ ಮುಂದಿನ ರೂಪವಾದ ಡಾಲ್ಬಿ ಡಿಜಿಟಲ್ ಪ್ಲಸ್ ಮೇಲೆ. ಎರಡನೆಯದರ ಒಳಗುಟ್ಟು ಕುತೂಹಲದ್ದು: ಸಾಗಿಬರುವ ಸದ್ದು ಬರೀ 5.1 ಮಿಕ್ಸ್. ಅದರಿಂದ ವಸ್ತುಗಳನ್ನು ಮತ್ತೆ ಬಿಡಿಸಿಕೊಳ್ಳುವುದು ಹೇಗೆ ಎಂಬ ಸೂಚನೆಗಳು ಪಕ್ಕದಲ್ಲಿ ಬರುತ್ತವೆ. ಆಟ್ಮಾಸ್ ಗೊತ್ತಿಲ್ಲದ ಉಪಕರಣ ಸೂಚನೆಗಳನ್ನು ಬಿಟ್ಟು 5.1 ನುಡಿಸುತ್ತದೆ. ಗೊತ್ತಿರುವುದು ಬಿಡಿಸುತ್ತದೆ, ಆದರೆ ಒಮ್ಮೆ ಬೆರೆಸಿದ್ದನ್ನು ಪೂರ್ತಿ ಬೇರ್ಪಡಿಸುವುದು ಆಗದ ಮಾತು. ಸುತ್ತ ಗದ್ದಲವಿರುವಾಗ ತಲೆಯ ಮೇಲಿನ ಸದ್ದು ಸ್ವಲ್ಪ ಕೆಳಗೂ ಸೋರುತ್ತದೆ. ನೆಟ್‌ಫ್ಲಿಕ್ಸ್ 2019ರಲ್ಲಿ ಹೇಳಿದಂತೆ ಅದರ 5.1 ಟ್ರ್ಯಾಕುಗಳು 192ರಿಂದ 640 ಕೆಬಿಪಿಎಸ್, ಆಟ್ಮಾಸ್ 448ರಿಂದ 768. ಡಿಸ್ಕಿನ ಆಟ್ಮಾಸ್ ಇದಕ್ಕಿಂತ ಹಲವು ಪಟ್ಟು. ಲೋಗೋ ಮಾತ್ರ ಒಂದೇ. ಆದರೂ ಎಡವಟ್ಟಾದ ಮಿಕ್ಸಿನ ಡಿಸ್ಕಿಗಿಂತ ಒಳ್ಳೆಯ ಮಿಕ್ಸಿನ 768 ಕೆಬಿಪಿಎಸ್ ಎಷ್ಟೋ ಮೇಲು. ಎತ್ತರದ ಚಾನೆಲ್‌ಗಳಲ್ಲಿ ಹಿನ್ನೆಲೆ ಸಂಗೀತದ ಮಸುಕು ಬಿಟ್ಟು ಮತ್ತೇನೂ ಇಲ್ಲದ ‘ಆಟ್ಮಾಸ್’ಗಳೂ ಇವೆ. ಉಳಿದ ಸ್ಪೀಕರ್‌ಗಳ ತಂತಿ ಕಳಚಿ ಮೇಲಿನವನ್ನಷ್ಟೇ ಹತ್ತು ನಿಮಿಷ ಕೇಳಿ, ಗುಟ್ಟು ರಟ್ಟಾಗುತ್ತದೆ. (ಕಳಚುವ ಮುನ್ನ ಆಂಪ್ಲಿಫೈಯರ್ ಆಫ್ ಮಾಡಿ, ತುದಿಗಳು ಒಂದಕ್ಕೊಂದು ತಾಗಿದರೆ ಔಟ್‌ಪುಟ್ ಸುಟ್ಟೀತು.)

2015ರಲ್ಲಿ ಬಂದ ಡಿಟಿಎಸ್:ಎಕ್ಸ್ ಇದೇ ಬಗೆಯದು, ಡಿಸ್ಕಿನಲ್ಲಿ ಡಿಟಿಎಸ್-ಎಚ್‌ಡಿ ಎಂಎ ಮೇಲೆ ಬರುತ್ತದೆ. ಔರೋ-3ಡಿ ಬೇರೆ ದಾರಿ ಹಿಡಿದದ್ದು: ಕಿವಿಮಟ್ಟದ ಸ್ಪೀಕರ್‌ಗಳ ನೆತ್ತಿಯಲ್ಲೇ, ಸುಮಾರು 30 ಡಿಗ್ರಿ ಎತ್ತರದಲ್ಲಿ ಇನ್ನೊಂದು ಸಾಲು. ಸಂಗೀತ ಧ್ವನಿಮುದ್ರಣಕ್ಕೆ, ಸಭಾಂಗಣದ ಪ್ರತಿಧ್ವನಿ ಹಿಡಿಯಲು ಅದು ಸೊಗಸು. ಅದರಲ್ಲಿ ಸಿಗುವ ಸರಕು ಮಾತ್ರ ಕಡಿಮೆ, ಅದೊಂದಕ್ಕಾಗಿ ಸ್ಪೀಕರ್ ಜಾಗ ಬದಲಿಸಬೇಡಿ.

ದಾರಿಯಲ್ಲಿ ಕಳೆದುಹೋಗುವುದು

ಡಿಸ್ಕಿನಲ್ಲಿರುವುದು ಸ್ಪೀಕರಿಗೆ ತಲುಪುತ್ತಿದೆಯೇ? ಫಾರ್ಮ್ಯಾಟ್ ಬಗ್ಗೆ ನಡೆಯುವ ಜಗಳಗಳಲ್ಲಿ ಬಹುಪಾಲು ಇಲ್ಲಿಗೆ ಬಂದು ನಿಲ್ಲುತ್ತವೆ.

ಆಪ್ಟಿಕಲ್ ಕೇಬಲ್‌ನಲ್ಲಿ ಹೋಗುವುದು ಎರಡು ಚಾನೆಲ್ ಪಿಸಿಎಂ, ಇಲ್ಲವೇ ಮಡಚಿದ 5.1 ಡಾಲ್ಬಿ ಡಿಜಿಟಲ್ ಅಥವಾ ಡಿಟಿಎಸ್. ಅಷ್ಟೇ. ಡಾಲ್ಬಿ ಡಿಜಿಟಲ್ ಪ್ಲಸ್, ಟ್ರೂಎಚ್‌ಡಿ, ಆಟ್ಮಾಸ್ ಯಾವುದೂ ಹೋಗದು. ಎಷ್ಟು ದುಬಾರಿ ಕೇಬಲ್ ತಂದರೂ ಹೋಗದು. ಟಿವಿಯ ಸದ್ದನ್ನು ರಿಸೀವರ್ ಅಥವಾ ಸೌಂಡ್‌ಬಾರಿಗೆ ಮರಳಿ ಕಳಿಸುವ ಎಚ್‌ಡಿಎಂಐ ಎಆರ್‌ಸಿಯಲ್ಲಿ ಡಾಲ್ಬಿ ಡಿಜಿಟಲ್ ಪ್ಲಸ್ ದಾಟುತ್ತದೆ, ಹಾಗಾಗಿ ಸ್ಟ್ರೀಮಿಂಗ್ ಆಟ್ಮಾಸ್‌ಗೆ ಎಆರ್‌ಸಿ ಸಾಕು, ಟಿವಿ ಒಪ್ಪಿದರೆ. ಲಾಸ್‌ಲೆಸ್‌ಗೆ, ಬಹುಚಾನೆಲ್ ಪಿಸಿಎಂಗೆ ಅದರ ಮುಂದಿನ ರೂಪ ಇಎಆರ್‌ಸಿ ಬೇಕು. ಅದರ ಹಾದಿ ಸುಮಾರು 37 ಎಂಬಿಪಿಎಸ್ ಅಗಲ. ಬ್ಲೂಟೂತ್ ಬಗ್ಗೆ ಹೇಳುವುದೇನೂ ಇಲ್ಲ, ಮಾಮೂಲಿ ಬ್ಲೂಟೂತ್‌ನಲ್ಲಿ ಹೋಗುವುದು ಎರಡೇ ಚಾನೆಲ್.

ಟಿವಿಯ ನಡುಗಾರಿಕೆಯೇ ದೊಡ್ಡ ತೊಡಕು. ಪ್ಲೇಯರ್ ಟಿವಿಗೆ, ಟಿವಿಯಿಂದ ಸೌಂಡ್‌ಬಾರಿಗೆ ಎಂಬ ಜೋಡಣೆಯಲ್ಲಿ ಟಿವಿ ತನಗೆ ಬಾರದ ಫಾರ್ಮ್ಯಾಟನ್ನು ಮುಂದಕ್ಕೂ ಬಿಡದಿರಬಹುದು. ಹಲವು ಟಿವಿಗಳು ಡಿಟಿಎಸ್ ಕೈಬಿಟ್ಟಿವೆ. ಡಿಸ್ಕ್ ಡಿಟಿಎಸ್, ಸೌಂಡ್‌ಬಾರ್ ಡಿಟಿಎಸ್, ನಡುವಿನ ಟಿವಿ ಮೌನ. ಪ್ಲೇಯರ್ ಅದನ್ನು ಗ್ರಹಿಸಿ ಸ್ಟೀರಿಯೋ ಪಿಸಿಎಂ ಕಳಿಸಿದರೆ ಇನ್ನೂ ಕಷ್ಟ, ಏಕೆಂದರೆ ಸದ್ದು ಬರುತ್ತದೆ, ತಪ್ಪಿದ್ದು ಗೊತ್ತಾಗುವುದಿಲ್ಲ. ಪ್ಲೇಯರನ್ನು ನೇರ ರಿಸೀವರ್ ಅಥವಾ ಸೌಂಡ್‌ಬಾರಿನ ಎಚ್‌ಡಿಎಂಐ ಇನ್‌ಪುಟ್‌ಗೆ ಸಿಕ್ಕಿಸಿ, ಅಲ್ಲಿಂದ ಟಿವಿಗೆ ಚಿತ್ರ ಕಳಿಸುವುದು ಪರಿಹಾರ. ಅದಾಗದಿದ್ದರೆ ಟಿವಿಯ ಡಿಜಿಟಲ್ ಆಡಿಯೋ ಔಟ್‌ಪುಟ್ ‘ಪಾಸ್‌ಥ್ರೂ’ ಮಾಡಿ, ಆ ಆಯ್ಕೆ ಇಲ್ಲವಾದರೆ ‘ಆಟೋ’. ‘ಪಿಸಿಎಂ’ ಎಂದಿದ್ದರೆ ಸಾಮಾನ್ಯ ಎಆರ್‌ಸಿಯಲ್ಲಿ ಎಲ್ಲವೂ ಎರಡು ಚಾನೆಲ್ಲಿಗೆ ಇಳಿಯುತ್ತದೆ. ಇಎಆರ್‌ಸಿಯನ್ನು ಹಲವು ಟಿವಿ ಮೆನುಗಳಲ್ಲಿ ಬೇರೆಯಾಗಿ ಆನ್ ಮಾಡಬೇಕು.

ಬ್ಲೂ-ರೇ ಪ್ಲೇಯರಿನ ಮೆನುವಿನಲ್ಲಿ ಇನ್ನೊಂದು ಗುಂಡಿ ಕಾದು ಕೂತಿರುತ್ತದೆ: ‘ಸೆಕೆಂಡರಿ ಆಡಿಯೋ’ ಅಥವಾ ‘ಬಿಡಿ ಆಡಿಯೋ ಮಿಕ್ಸ್’. ಮೆನುವಿನ ಕ್ಲಿಕ್ ಸದ್ದು, ನಿರ್ದೇಶಕರ ವ್ಯಾಖ್ಯಾನ ಇತ್ಯಾದಿಯನ್ನು ಸಿನಿಮಾದ ಸದ್ದಿಗೆ ಬೆರೆಸುವುದಕ್ಕೆ ಅದು. ಬೆರೆಸಬೇಕಾದರೆ ಮೊದಲು ಬಿಚ್ಚಬೇಕು, ಬಿಚ್ಚಿದ್ದನ್ನು ಪ್ಲೇಯರ್ ಮತ್ತೆ ಮಾಮೂಲಿ ಡಾಲ್ಬಿ ಡಿಜಿಟಲ್ ಅಥವಾ ಡಿಟಿಎಸ್ ಆಗಿ ಮಡಚಿ ಕಳಿಸುತ್ತದೆ. ಟ್ರೂಎಚ್‌ಡಿ ಹಾಕಿದರೂ ರಿಸೀವರ್ ‘ಡಾಲ್ಬಿ ಡಿಜಿಟಲ್’ ಎಂದೇ ತೋರಿಸುತ್ತಿದ್ದರೆ ಮೊದಲ ಗುಮಾನಿ ಇದರ ಮೇಲಿರಲಿ. ಇದನ್ನು ಆಫ್ ಮಾಡಿ, ಔಟ್‌ಪುಟ್ ‘ಬಿಟ್‌ಸ್ಟ್ರೀಮ್’ ಮಾಡಿ. ಪಿಸಿಎಂ ಮಾಡಿದರೆ ಪ್ಲೇಯರೇ ಬಿಚ್ಚಿ ಕೊಡುತ್ತದೆ, 5.1, 7.1ಕ್ಕೆ ಅದರಿಂದ ಗುಣದಲ್ಲಿ ನಷ್ಟವಿಲ್ಲ, ಆದರೆ ಆಟ್ಮಾಸ್ ಮತ್ತು ಡಿಟಿಎಸ್:ಎಕ್ಸ್‌ನ ಎತ್ತರದ ಮಾಹಿತಿ ಅಲ್ಲೇ ಉದುರಿಹೋಗುತ್ತದೆ.

ರಿಸೀವರ್ ಡಿಸ್‌ಪ್ಲೇ ಓದುವುದೂ ಒಂದು ಕಲೆ. ಅಲ್ಲಿ ‘ಡಾಲ್ಬಿ ಸರೌಂಡ್’ ಅಥವಾ ‘ನ್ಯೂರಲ್:ಎಕ್ಸ್’ ಎಂದು ಬೆಳಗಿದರೆ ಬಂದ ಸಿಗ್ನಲ್ ಸರೌಂಡ್ ಎಂದು ಅರ್ಥವಲ್ಲ. ಇರುವ ಚಾನೆಲ್‌ಗಳನ್ನು ಹೆಚ್ಚು ಸ್ಪೀಕರ್‌ಗಳಿಗೆ ಹರಡುವ ಅಪ್‌ಮಿಕ್ಸರ್‌ಗಳ ಹೆಸರುಗಳವು. ಎರಡು ಚಾನೆಲ್ ಬಂದರೂ ಎಲ್ಲ ಸ್ಪೀಕರ್‌ಗಳು ಮಾತಾಡುತ್ತವೆ, ನಾವು ಸರೌಂಡ್ ಸಿಕ್ಕಿತೆಂದು ಸಂತೋಷಪಡುತ್ತೇವೆ. ಇನ್‌ಪುಟ್ ಮಾಹಿತಿಯ ಪುಟ ತೆರೆದು, ಒಳಬಂದ ಫಾರ್ಮ್ಯಾಟ್ ಮತ್ತು ಚಾನೆಲ್‌ಗಳ ಎಣಿಕೆಯನ್ನು ನೋಡಿ.

ಇನ್ನು ಡೈನಾಮಿಕ್ ರೇಂಜ್ ಕಂಪ್ರೆಷನ್, ಅಂದರೆ ನೈಟ್ ಮೋಡ್. ಟ್ರೂಎಚ್‌ಡಿಗೆ ಇದು ‘ಆಟೋ’ ಎಂದಿದ್ದರೆ ಟ್ರ್ಯಾಕಿನಲ್ಲಿರುವ ಸೂಚನೆಯ ಪ್ರಕಾರ ತಾನೇ ಕೆಲಸ ಶುರುಮಾಡಿ ಸ್ಫೋಟಗಳನ್ನು ಅದುಮಿಬಿಡಬಹುದು. ಹೋಲಿಸುವಾಗ ಆಫ್. ರಾತ್ರಿ ಮನೆಯವರು ಮಲಗಿರುವಾಗ ಆನ್ ಮಾಡುವುದರಲ್ಲಿ ನಾಚಿಕೆಯೇನಿಲ್ಲ.

ಬರೀ ಸಂಗೀತಕ್ಕೆ

ಸಂಗೀತ ಕೇಳುವವರಿಗೆ ಫಾರ್ಮ್ಯಾಟ್‌ಗಳ ಪಟ್ಟಿ ಬೇರೆಯೇ. ಎಸ್‌ಎಸಿಡಿ (ಸೂಪರ್ ಆಡಿಯೋ ಸಿಡಿ) ಬಳಸುವುದು ಡಿಎಸ್‌ಡಿ ಎಂಬ, ಪಿಸಿಎಂಗಿಂತ ಬೇರೆ ಬಗೆಯ ಮುದ್ರಣ: ಒಂದು ಬಿಟ್, 2.8224 ಮೆಗಾಹರ್ಟ್ಸ್. ಹಲವು ಡಿಸ್ಕುಗಳಲ್ಲಿ ಸ್ಟೀರಿಯೋ ಜೊತೆ ಬಹುಚಾನೆಲ್ ಪದರವೂ ಇರುತ್ತದೆ. ಆಪ್ಟಿಕಲ್‌ನಲ್ಲಿ ಅದು ಹೊರಬರುವುದೇ ಇಲ್ಲ, ಎಚ್‌ಡಿಎಂಐ ಅಥವಾ ಆರು ಅನಲಾಗ್ ತಂತಿಗಳೇ ಗತಿ. ಎಚ್‌ಡಿಎಂಐಯಲ್ಲಿ ಡಿಎಸ್‌ಡಿ ಕಳಿಸಿದರೂ, ಬೇಸ್ ಮ್ಯಾನೇಜ್‌ಮೆಂಟ್ (ಬೇಸನ್ನು ಸಬ್‌ವೂಫರಿಗೆ ತಿರುಗಿಸುವುದು), ಕೋಣೆ ತಿದ್ದುವ ಪ್ರೋಗ್ರಾಂ ಬಳಸಬೇಕಾದರೆ ಹೆಚ್ಚಿನ ರಿಸೀವರ್‌ಗಳು ಅದನ್ನು ಪಿಸಿಎಂ ಮಾಡಿಯೇ ಮುಂದುವರಿಯುತ್ತವೆ. ‘ಶುದ್ಧ ಡಿಎಸ್‌ಡಿ’ಗಾಗಿ ಇವೆರಡನ್ನೂ ಬಿಟ್ಟರೆ ಕಳೆದುಕೊಳ್ಳುವುದೇ ಹೆಚ್ಚು.

ಆರು ಅನಲಾಗ್ ತಂತಿಗಳ ಜೋಡಣೆಯಲ್ಲಿ ಒಂದು ಹಳೆಯ ಎಡವಟ್ಟಿದೆ. ಎಲ್‌ಎಫ್‌ಇ, ಅಂದರೆ ಆಳದ ಸದ್ದಿಗೆಂದೇ ಇರುವ 0.1 ಚಾನೆಲ್, ಮುದ್ರಣದಲ್ಲಿ 10 ಡಿಬಿ ಕೆಳಗಿರುತ್ತದೆ. ನುಡಿಸುವಾಗ ಅಷ್ಟನ್ನು ಏರಿಸಬೇಕು. ಡಿಜಿಟಲ್ ದಾರಿಯಲ್ಲಿ ರಿಸೀವರೇ ಇದನ್ನು ನೋಡಿಕೊಳ್ಳುತ್ತದೆ. ಅನಲಾಗ್ ಇನ್‌ಪುಟ್‌ನಲ್ಲಿ ಪ್ಲೇಯರ್ ಮಾಡೀತೆಂದು ರಿಸೀವರ್, ರಿಸೀವರ್ ಮಾಡೀತೆಂದು ಪ್ಲೇಯರ್ ಸುಮ್ಮನಿದ್ದರೆ ಸಬ್‌ವೂಫರ್ ಬಡವಾಗುತ್ತದೆ. ಕೆಲವು ರಿಸೀವರ್‌ಗಳಲ್ಲಿ ಆ ಇನ್‌ಪುಟ್‌ಗೆಂದೇ ಸಬ್ 10 ಅಥವಾ 15 ಡಿಬಿ ಏರಿಸುವ ಆಯ್ಕೆ ಇರುತ್ತದೆ.

ಡಿಟಿಎಸ್ ಸಿಡಿಗಳ ವಿಷಯದಲ್ಲಿ ಜೋಪಾನ. ನೋಡಲು ಮಾಮೂಲಿ ಸಿಡಿ, ಒಳಗೆ 5.1 ಡಿಟಿಎಸ್. ಡಿಕೋಡ್ ಮಾಡದ ಪ್ಲೇಯರಿನಲ್ಲಿ ಹಾಕಿದರೆ ಜೋರಾದ ಹಿಸ್ಸ್ ಮಾತ್ರ ಕೇಳುತ್ತದೆ, ವಾಲ್ಯೂಮ್ ಏರಿಸಿಟ್ಟಿದ್ದರೆ ಟ್ವೀಟರ್‌ಗೆ ಕಂಟಕ. ಅದನ್ನು ಕಂಪ್ಯೂಟರಿನಿಂದ ಕಳಿಸುವಾಗ ಪ್ಲೇಯರ್ ಸಾಫ್ಟ್‌ವೇರಿನ ವಾಲ್ಯೂಮ್ 100ಕ್ಕೆ ಇರಲಿ, ಈಕ್ವಲೈಸರ್, ರೀಸ್ಯಾಂಪ್ಲಿಂಗ್ ಎರಡೂ ಆಫ್ ಇರಲಿ. ಒಂದು ಬಿಟ್ ಬದಲಾದರೂ ರಿಸೀವರಿಗೆ ಅದು ಡಿಟಿಎಸ್ ಎಂದು ಗುರುತು ಸಿಗದು.

ಸ್ಟ್ರೀಮಿಂಗ್‌ನ ಆಟ್ಮಾಸ್ ಸಂಗೀತವನ್ನು ಸ್ಟೀರಿಯೋ ಜೊತೆ ಹೋಲಿಸುವವರಿಗೆ ಮತ್ತೆ ಅದೇ ಮಟ್ಟದ ಬಲೆ. ಆಟ್ಮಾಸ್ ಮ್ಯೂಸಿಕ್ ಮಿಕ್ಸ್ −18 ಎಲ್‌ಯುಎಫ್‌ಎಸ್ (ಸರಾಸರಿ ಜೋರಿನ ಅಳತೆ) ಮೀರಬಾರದೆಂಬ ನಿಯಮವಿದೆ. ಅದೇ ಹಾಡಿನ ಸ್ಟೀರಿಯೋ ಆವೃತ್ತಿ −9ರ ಆಸುಪಾಸು ಇರುವುದು ಸಾಮಾನ್ಯ. 9 ಡಿಬಿ ಅಂತರವೆಂದರೆ ಹೆಚ್ಚುಕಮ್ಮಿ ಇಮ್ಮಡಿ ಜೋರು. ‘ಆಟ್ಮಾಸ್ ಸಪ್ಪೆ’ ಎಂಬ ದೂರಿನಲ್ಲಿ ಇದರ ಪಾಲು ದೊಡ್ಡದು. ವಾಲ್ಯೂಮ್ ಏರಿಸಿದರೆ ಡ್ರಮ್ಮಿನ ಪೆಟ್ಟು ಸ್ಟೀರಿಯೋಗಿಂತ ಬಿಡಿಬಿಡಿಯಾಗಿ ಕೇಳುವುದೂ ಉಂಟು, ಏಕೆಂದರೆ ಅದುಮಿದ್ದು ಕಡಿಮೆ.

ಸ್ಪೀಕರ್ ಜಾಗ

ಫಾರ್ಮ್ಯಾಟ್ ಬದಲಿಸಿ ಸಿಗುವುದಕ್ಕಿಂತ ಸರೌಂಡ್ ಸ್ಪೀಕರನ್ನು ಒಂದಡಿ ಸರಿಸಿ ಸಿಗುವುದು ಹೆಚ್ಚು. ಎಡ ಬಲ ಸ್ಪೀಕರ್ ನಡುಗೆರೆಯಿಂದ 30 ಡಿಗ್ರಿ, 5.1ರ ಸರೌಂಡ್ 100ರಿಂದ 120 ಡಿಗ್ರಿ, 7.1ರ ಹಿಂಬದಿಯವು 135ರಿಂದ 150. ಆಟ್ಮಾಸ್ ಇದ್ದರೆ ಸರೌಂಡ್‌ಗಳನ್ನು ಕಿವಿಮಟ್ಟಕ್ಕೆ ಇಳಿಸಿ. ಅವನ್ನು ಗೋಡೆಯ ಮೇಲೆ ಎತ್ತರದಲ್ಲೇ ಬಿಟ್ಟರೆ ಮೇಲಿನ ಸದ್ದಿಗೂ ಕೆಳಗಿನದಕ್ಕೂ ಅಂತರ ಉಳಿಯುವುದಿಲ್ಲ. ಚಾವಣಿಗೆ ಸದ್ದು ಬಡಿದು ಇಳಿಸುವ ಸ್ಪೀಕರ್‌ಗಳಿಗೆ ಚಪ್ಪಟೆಯಾದ, ಗಟ್ಟಿಯಾದ, 8ರಿಂದ 12 ಅಡಿಯ ಚಾವಣಿ ಬೇಕು. ಇಳಿಜಾರು ಮಾಡು, ಮರದ ತೊಲೆ, ಸದ್ದು ಹೀರುವ ಹಲಗೆ ಇದ್ದರೆ ಆ ದುಡ್ಡು ಉಳಿಸಿ. ಪ್ರತಿ ಸ್ಪೀಕರಿನ ದೂರವನ್ನು ಟೇಪ್ ಹಿಡಿದು ಅಳೆದು ಮೆನುವಿನಲ್ಲಿ ಹಾಕಿ. ಒಂದು ಮೀಟರ್ ತಪ್ಪಿದರೆ ಸುಮಾರು 3 ಮಿಲಿಸೆಕೆಂಡ್ ತಪ್ಪುತ್ತದೆ. ಸಬ್‌ವೂಫರ್ ದೂರ ಮಾತ್ರ ಆಟೋ ಸೆಟಪ್ ಹೇಳಿದಂತಿರಲಿ. ಅದರೊಳಗಿನ ಫಿಲ್ಟರ್‌ಗಳಿಂದಾಗುವ ತಡವನ್ನೂ ಸೇರಿಸಿ ಹೇಳುವುದರಿಂದ ಅದು ಟೇಪಿಗಿಂತ ಹೆಚ್ಚು ತೋರಿಸುತ್ತದೆ. ಕ್ರಾಸ್‌ಓವರ್ (ಸ್ಪೀಕರ್ ಬಿಟ್ಟು ಸಬ್‌ವೂಫರಿಗೆ ಬೇಸ್ ಹೋಗುವ ಗಡಿ) 80 ಹರ್ಟ್ಸ್, ಎಲ್‌ಎಫ್‌ಇ ಫಿಲ್ಟರ್ 120 ಹರ್ಟ್ಸ್. ಇವೆರಡೂ ಒಂದೇ ಎಂದುಕೊಂಡು ಎರಡನ್ನೂ 80 ಮಾಡಿದರೆ ಎಲ್‌ಎಫ್‌ಇಯ ಮೇಲ್ಭಾಗ ಕತ್ತರಿಸಿ ಹೋಗುತ್ತದೆ.

ಕಿವಿಯೇ ತೀರ್ಮಾನಿಸಲಿ ಎನ್ನುವವರಿಗೆ

640 ಕೆಬಿಪಿಎಸ್ ಮತ್ತು ಲಾಸ್‌ಲೆಸ್ ನಡುವೆ ನಿಮಗೆ ವ್ಯತ್ಯಾಸ ಕೇಳಿಸುತ್ತದೆಯೇ ಎಂದು ತಿಳಿಯಲು ಡಿಸ್ಕಿನ ಎರಡು ಟ್ರ್ಯಾಕ್ ಹೋಲಿಸಬೇಡಿ. ಅವುಗಳ ಮಿಕ್ಸ್ ಒಂದೇ ಎಂದು ನಂಬಲು ಆಧಾರವಿಲ್ಲ, ಸಾಲದ್ದಕ್ಕೆ ಫಾರ್ಮ್ಯಾಟ್ ಬದಲಾದಾಗ ರಿಸೀವರ್ ಕ್ಷಣಕಾಲ ಮೌನವಾಗಿ ಗುಟ್ಟು ಬಿಟ್ಟುಕೊಡುತ್ತದೆ. ಲಾಸ್‌ಲೆಸ್ 5.1 ಟ್ರ್ಯಾಕಿನಿಂದ ಒಂದು ನಿಮಿಷ ಕತ್ತರಿಸಿ. ಅದನ್ನು ಎಸಿ-3, 640ಕ್ಕೆ ಮಡಚಿ, ಡಯಲ್‌ನಾರ್ಮ್ −31 ಇಡಿ, ಆಗ ಮಟ್ಟ ಇಳಿಯುವುದಿಲ್ಲ. ಮತ್ತೆ ಅದನ್ನು 24 ಬಿಟ್ ಪಿಸಿಎಂಗೆ ಬಿಚ್ಚಿ. ಎನ್‌ಕೋಡರ್ ಶುರುವಿನಲ್ಲಿ ಸೇರಿಸುವ ಕೆಲವು ನೂರು ಸ್ಯಾಂಪಲ್‌ಗಳ ತಡವನ್ನು ಆಡಿಯೋ ಎಡಿಟರಿನಲ್ಲಿ ಸರಿಸಿ, ಎರಡೂ ಫೈಲಿನ ಅಲೆಗಳು ಒಂದರ ಕೆಳಗೊಂದು ಕೂರುವಂತೆ ಮಾಡಿ. ಈಗ ಎರಡೂ ಪಿಸಿಎಂ ಆದ್ದರಿಂದ ರಿಸೀವರಿಗೆ ಭೇದ ತಿಳಿಯದು. ಎಬಿಎಕ್ಸ್ (ಗುಟ್ಟಾಗಿ ನುಡಿಸಿದ್ದು ಎರಡರಲ್ಲಿ ಯಾವುದೆಂದು ಕೇಳಿ ಹೇಳುವ ಪರೀಕ್ಷೆ) ಸೌಲಭ್ಯವಿರುವ ಪ್ಲೇಯರಿನಲ್ಲಿ ಹಾಕಿ 16 ಸಲ ಊಹಿಸಿ. 12 ಅಥವಾ ಹೆಚ್ಚು ಸರಿಯಾದರೆ ಅದು ಬರೀ ಅದೃಷ್ಟವಾಗಿರುವ ಸಾಧ್ಯತೆ ಸುಮಾರು ನೂರಕ್ಕೆ 4 ಮಾತ್ರ.

ಈ ಕೆಲಸದ ನಡುವೆ ಮಾತು ಮಧ್ಯದ ಸ್ಪೀಕರ್ ಬಿಟ್ಟು ಬಲಗಡೆಯಿಂದ ಬರತೊಡಗಿದರೆ ಕೊಡೆಕ್ ಕೆಟ್ಟಿಲ್ಲ, ಚಾನೆಲ್‌ಗಳ ಸರದಿ ತಪ್ಪಿದೆ. ವೇವ್ ಫೈಲಿನ ಸರದಿ ಎಡ, ಬಲ, ಮಧ್ಯ, ಎಲ್‌ಎಫ್‌ಇ, ಎಡ ಸರೌಂಡ್, ಬಲ ಸರೌಂಡ್. ಸಿನಿಮಾದವರದು ಎಡ, ಮಧ್ಯ, ಬಲ, ಎಡ ಸರೌಂಡ್, ಬಲ ಸರೌಂಡ್, ಎಲ್‌ಎಫ್‌ಇ. ಒಂದರ ಜಾಗದಲ್ಲಿ ಇನ್ನೊಂದು ಕೂತರೆ ಮಾತು ಬಲಕ್ಕೆ ಹೋಗುತ್ತದೆ, ಎಡ ಸರೌಂಡಿನದು ಸಬ್‌ವೂಫರಿಗೆ ಇಳಿಯುತ್ತದೆ. ಫೈಲನ್ನು ಬಿಡಿ ಮೋನೋ ಟ್ರ್ಯಾಕುಗಳಾಗಿ ಒಡೆದು, ಒಂದೊಂದನ್ನೂ ಕೇಳಿ ಹೆಸರಿಟ್ಟು, ವೇವ್ ಸರದಿಯಲ್ಲಿ ಮತ್ತೆ ಜೋಡಿಸಿ.